ಬೇಸಗೆಯ ಭಾಷಾಶಾಲೆಗಳೂ ವಿದ್ಯಾರ್ಥಿಗಳ ಕ್ಷೇಮಪಾಲಕರೂ



ಶಾಲೆಯೆಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಕರಿಹಲಗೆ, ಅದರ ಮುಂದೆ ನಿಂತ ಗುರುಗಳು, ಸಾಲುಸಾಲಾಗಿ ಕುಳಿತ ಬಾಲಕ ಬಾಲಕಿಯರು. ಸಂಜೆಯ ಗಂಟೆ ಬಾರಿಸಿತೆಂದರೆ ನಮ್ಮ ಪಾಲಿಗೆ ಶಾಲೆ ಮುಗಿಯಿತು. ಮನೆಯಲ್ಲಿ ತಾಯಿ ಕಾಯುತ್ತಿರುತ್ತಾಳೆ. ಮೈ ಬೆಚ್ಚಗಾದರೆ ಹಣೆಯ ಮೇಲೆ ಕೈಯಿಡುವವಳು ಅವಳು. ಊಟ ಬಿಟ್ಟರೆ ಏಕೆಂದು ಕೇಳುವವಳೂ ಅವಳೇ. ಆದರೆ ಸಂಜೆಯ ಗಂಟೆ ಬಾರಿಸಿದ ಮೇಲೂ ವಿದ್ಯಾರ್ಥಿಯು ಶಾಲೆಯಲ್ಲಿಯೇ ಉಳಿಯಬೇಕಾದರೆ, ಆ ಶಾಲೆಯು ಪರದೇಶದಲ್ಲಿದ್ದರೆ, ಅಲ್ಲಿಯವರು ಆಡುವ ಭಾಷೆಯೇ ಅವನಿಗೆ ಇನ್ನೂ ಬಾರದಿದ್ದರೆ, ಅವನ ತಾಯಿಯ ಸ್ಥಾನದಲ್ಲಿ ನಿಲ್ಲುವವರು ಯಾರು? ಈ ಪ್ರಶ್ನೆಯನ್ನು ನಿಮ್ಮ ಮುಂದಿಟ್ಟು, ಅದಕ್ಕೆ ನಮಗೆ ತೋಚಿದ ಉತ್ತರವನ್ನು ಹೇಳುವುದೇ ಈ ಲೇಖನದ ಉದ್ದೇಶವಾಗಿದೆ.

ಇಂತಹ ಶಾಲೆಗಳು ಇಂಗ್ಲೆಂಡಿನಲ್ಲಿ ಬಹಳವಾಗಿವೆ. ಜುಲೈ, ಆಗಸ್ಟ್ ತಿಂಗಳುಗಳು ಆ ದೇಶದ ಬೇಸಗೆ. ಆಗ ಅಲ್ಲಿಯ ವಿದ್ಯಾರ್ಥಿಗಳು ರಜೆಗೆಂದು ಮನೆಗಳಿಗೆ ತೆರಳುವುದರಿಂದ ದೊಡ್ಡ ವಸತಿಶಾಲೆಗಳೂ ವಿಶ್ವವಿದ್ಯಾಲಯಗಳ ವಿದ್ಯಾರ್ಥಿನಿಲಯಗಳೂ ಬರಿದಾಗಿರುತ್ತವೆ. ಆ ಬರಿದಾದ ಕೋಣೆಗಳನ್ನು ಬಾಡಿಗೆಗೆ ಪಡೆದು, ಹೊರದೇಶಗಳ ಮಕ್ಕಳಿಗೆ ಇಂಗ್ಲಿಷ್ ಭಾಷೆಯನ್ನು ಕಲಿಸುವ ಬೇಸಗೆಯ ಶಾಲೆಗಳನ್ನು ನಡೆಸುತ್ತಾರೆ. ಆಕ್ಸ್‌ಫರ್ಡ್, ಕೇಂಬ್ರಿಜ್, ಕ್ಯಾಂಟರ್‌ಬರಿಯಂತಹ ವಿದ್ಯಾಕೇಂದ್ರಗಳಲ್ಲಿಯೂ, ಬ್ರೈಟನ್, ಬೋರ್ನ್‌ಮತ್, ಹೇಸ್ಟಿಂಗ್ಸ್ ಮೊದಲಾದ ಕಡಲತೀರದ ಊರುಗಳಲ್ಲಿಯೂ ಇಂತಹ ಶಾಲೆಗಳು ನಡೆಯುತ್ತವೆ. ಇಟಲಿ, ಸ್ಪೇನ್, ಫ್ರಾನ್ಸ್, ತುರ್ಕಿ, ಚೀನಾ, ಜಪಾನುಗಳಿಂದ ಮಕ್ಕಳು ಎರಡು ಮೂರು ವಾರಗಳ ಮಟ್ಟಿಗೆ ಬಂದು ತಂಗುತ್ತಾರೆ. ಸಾಮಾನ್ಯವಾಗಿ ದಿನದ ಅರ್ಧ ಭಾಗ ಪಾಠ. ಉಳಿದುದು ಆಟ, ಪ್ರವಾಸ, ಹಾಡು, ನಾಟಕ.

ಇಂತಹ ಶಾಲೆಗಳಲ್ಲಿ ಪಾಠ ಹೇಳುವ ಅಧ್ಯಾಪಕರಿರುತ್ತಾರೆ, ಆಟವಾಡಿಸುವವರಿರುತ್ತಾರೆ. ಇವರಲ್ಲದೆ ಮೂರನೆಯ ಬಗೆಯ ಕೆಲಸಗಾರರೂ ಇರುತ್ತಾರೆ. ವಿದ್ಯಾರ್ಥಿಗಳ ಯೋಗಕ್ಷೇಮವನ್ನು ನೋಡಿಕೊಳ್ಳುವುದೇ ಅವರ ಕೆಲಸ. ನಾವು ಅವರನ್ನು ಕ್ಷೇಮಪಾಲಕರೆಂದು ಕರೆಯೋಣ. ಅವರಲ್ಲಿ ಹಲವರು ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವ ಅಥವಾ ಓದು ಮುಗಿಸಿದ ತರುಣ ತರುಣಿಯರು. ಕೆಲವೇ ವಾರಗಳ ಉದ್ಯೋಗ. ಊಟ ವಸತಿಗಳು ಶಾಲೆಯಲ್ಲಿಯೇ.

ಇವರ ದಿನಚರಿಯನ್ನು ನೋಡಿದರೆ ಕೆಲಸದ ತೂಕ ತಿಳಿಯುವುದು. ಮಕ್ಕಳು ವಿಮಾನನಿಲ್ದಾಣದಲ್ಲಿ ಇಳಿದಾಗ ಹೆಸರು ಹಿಡಿದು ಎದುರುಗೊಳ್ಳಬೇಕು. ಯಾರಿಗೆ ಯಾವ ಕೋಣೆ, ಯಾರೊಡನೆ ಯಾರಿದ್ದರೆ ಹೊಂದಿಕೆಯಾದೀತು ಎಂಬುದನ್ನು ನಿರ್ಣಯಿಸಬೇಕು. ಪಾಸ್‌ಪೋರ್ಟು, ಕೈಖರ್ಚಿನ ಹಣ ಇವುಗಳನ್ನು ಜೋಪಾನವಾಗಿಟ್ಟು ಲೆಕ್ಕ ಬರೆಯಬೇಕು. ಯಾರಿಗೆ ಕಡಲೆಕಾಯಿ ಒಗ್ಗದು, ಯಾರು ಮಾಂಸವನ್ನು ಮುಟ್ಟರು, ಯಾರು ಹಂದಿಯ ಮಾಂಸವನ್ನು ವರ್ಜಿಸುವರು ಎಂಬ ಪಟ್ಟಿಯನ್ನು ಅಡಿಗೆಮನೆಗೆ ಮುಟ್ಟಿಸಬೇಕು. ಔಷಧಿಯನ್ನು ಯಾರಿಗೆ ಎಷ್ಟು ಗಂಟೆಗೆ ಎಷ್ಟು ಕೊಟ್ಟೆವೆಂಬುದನ್ನು ಆಗಿಂದಾಗಲೇ ಪುಸ್ತಕದಲ್ಲಿ ಗುರುತಿಸಬೇಕು. ಕಾಲು ಉಳುಕಿದವನನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕು. ರಾತ್ರಿ ತಲೆಯೆಣಿಕೆ ಮಾಡಿ ದೀಪವಾರಿಸಬೇಕು. ದಕ್ಷಿಣ ಇಂಗ್ಲೆಂಡಿನಲ್ಲಿ ಜೂನ್ ಕೊನೆಯಲ್ಲಿ ರಾತ್ರಿ ಒಂಬತ್ತು ಗಂಟೆಯಾದರೂ ಸೂರ್ಯನು ಮುಳುಗಿರುವುದಿಲ್ಲವೆಂಬುದನ್ನು ನೆನೆದರೆ, ಹೊರಗೆ ಬೆಳಕಿರುವಾಗಲೇ ಐವತ್ತು ಅರವತ್ತು ಮಕ್ಕಳನ್ನು ಮಲಗಿಸುವುದು ಎಂತಹ ಸಾಹಸವೆಂದು ನೀವೇ ಊಹಿಸಬಹುದು.

ದೀಪವಾರಿದ ಮೇಲೆ ಅವರ ನಿಜವಾದ ಕೆಲಸವು ಆರಂಭವಾಗುತ್ತದೆ. ಹಗಲೆಲ್ಲ ಚೆಂಡಾಡಿ ನಕ್ಕ ಹುಡುಗನು ರಾತ್ರಿ ದಿಂಬಿನಲ್ಲಿ ಮುಖವಿಟ್ಟು ಬಿಕ್ಕುತ್ತಾನೆ. ಮನೆಯ ನೆನಪೆಂಬುದು ಹಗಲಿನ ರೋಗವಲ್ಲ, ಇರುಳಿನದು. ಆ ಬಿಕ್ಕುವಿಕೆಯನ್ನು ಕೇಳಿ ಎದ್ದುಬರುವವರು ವ್ಯಾಕರಣವನ್ನು ಬೋಧಿಸಿದ ಅಧ್ಯಾಪಕರಲ್ಲ, ಕ್ಷೇಮಪಾಲಕರು.

ಈ ಕೆಲಸಕ್ಕೆ ಯಾರನ್ನಾದರೂ ತಂದು ನಿಲ್ಲಿಸಲು ಅಲ್ಲಿಯ ವ್ಯವಸ್ಥೆಯು ಬಿಡುವುದಿಲ್ಲ. ಮಕ್ಕಳೊಡನೆ ಹೀಗೆ ಇದ್ದು ಕೆಲಸಮಾಡುವವರ ಪೂರ್ವಚರಿತ್ರೆಯನ್ನು ಪರಿಶೀಲಿಸತಕ್ಕದ್ದೆಂಬ ನಿಯಮವಿದೆ. ಇಂಗ್ಲೆಂಡಿನಲ್ಲಿ ಆ ಪರಿಶೀಲನೆಗಾಗಿಯೇ 2012ರಲ್ಲಿ ಸರಕಾರದ ಪ್ರತ್ಯೇಕ ಸಂಸ್ಥೆಯೊಂದನ್ನು ಸ್ಥಾಪಿಸಲಾಯಿತು. ಇಂಗ್ಲಿಷ್ ಕಲಿಸುವ ಶಾಲೆಗಳನ್ನು ಪರೀಕ್ಷಿಸಿ ಮಾನ್ಯತೆ ನೀಡುವ ಯೋಜನೆಯೊಂದನ್ನು ಬ್ರಿಟಿಷ್ ಕೌನ್ಸಿಲು ನಡೆಸುತ್ತದೆ. ಆ ಪರೀಕ್ಷಕರು ಪಾಠವನ್ನಷ್ಟೇ ನೋಡಿ ತೃಪ್ತರಾಗುವುದಿಲ್ಲ. ಮಕ್ಕಳ ವಸತಿ ಹೇಗಿದೆ, ಕಷ್ಟ ಬಂದಾಗ ಯಾರಲ್ಲಿ ಹೇಳಿಕೊಳ್ಳಬೇಕೆಂಬುದು ಮಕ್ಕಳಿಗೆ ಗೊತ್ತಿದೆಯೇ, ಇಪ್ಪತ್ತನಾಲ್ಕು ಗಂಟೆಯೂ ಕರೆಯಬಹುದಾದ ದೂರವಾಣಿ ಸಂಖ್ಯೆಯನ್ನು ಅವರಿಗೆ ಕೊಟ್ಟಿದೆಯೇ ಎಂಬುದನ್ನೂ ವಿಚಾರಿಸುತ್ತಾರೆ. ಇಷ್ಟರಮಟ್ಟಿಗೆ ಆ ವ್ಯವಸ್ಥೆಯು ಸ್ತುತ್ಯವಾದುದು.

ಆದರೂ ಲೋಕದ ದೃಷ್ಟಿಯಲ್ಲಿ ಈ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ಸಲ್ಲುತ್ತಿಲ್ಲವೆಂದು ನಮಗೆ ತೋರುತ್ತದೆ. ಪಾಠ ಹೇಳುವುದು ವಿದ್ಯೆ, ಮಗುವನ್ನು ನೋಡಿಕೊಳ್ಳುವುದು ಊಳಿಗ ಎಂಬ ಭಾವನೆಯು ಎಲ್ಲ ದೇಶಗಳಲ್ಲಿಯೂ ಬೇರೂರಿದೆ. ನಮ್ಮ ದೇಶದಲ್ಲಂತೂ ಹೇಳುವುದೇ ಬೇಡ. ಅಧ್ಯಾಪಕರ ಹೆಸರು ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ವಿದ್ಯಾರ್ಥಿನಿಲಯದಲ್ಲಿ ರಾತ್ರಿ ಎಚ್ಚರಿದ್ದವರ ಹೆಸರು ಎಲ್ಲಿ ಅಚ್ಚಾಗುತ್ತದೆ? ಈ ಭೇದವು ತಪ್ಪೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. ವಸತಿಯುಳ್ಳ ಭಾಷಾಶಾಲೆಯಲ್ಲಿ ಕ್ಷೇಮಪಾಲಕನೂ ಭಾಷೆಯ ಗುರುವೇ. ಅವನ ಕೆಲಸವನ್ನು ಗುರುವಿನ ಕೆಲಸವೆಂದೇ ಎಣಿಸಿ, ಅದಕ್ಕೆ ತಕ್ಕ ಗೌರವವನ್ನೂ ವಿಶ್ರಾಂತಿಯನ್ನೂ ಅಧಿಕಾರವನ್ನೂ ಅವನಿಗೆ ಕೊಡತಕ್ಕದ್ದು.

ಭಾಷೆಯ ಗುರು ಹೇಗೆ, ಎಂದು ನೀವು ಕೇಳಬಹುದು. ಅಮೆರಿಕದ ಭಾಷಾವಿಜ್ಞಾನಿ ಸ್ಟೀಫನ್ ಕ್ರಾಷೆನ್ ಅವರು 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ವಿಚಾರವನ್ನು ವಿವರಿಸಿದ್ದಾರೆ. ಕಲಿಯುವವನ ಮನಸ್ಸಿನಲ್ಲಿ ಭಯ, ಸಂಕೋಚ, ಕಳವಳಗಳು ತುಂಬಿದ್ದರೆ, ಕಿವಿಗೆ ಬಿದ್ದ ಮಾತು ಒಳಕ್ಕೆ ಇಳಿಯದಂತೆ ಅಲ್ಲೊಂದು ಜರಡಿ ಅಡ್ಡ ನಿಲ್ಲುತ್ತದೆ ಎಂಬುದು ಆ ವಿಚಾರದ ಸಾರ. ವಿದ್ವಾಂಸರು ಈ ವಾದವನ್ನು ಬಗೆಬಗೆಯಾಗಿ ವಿಮರ್ಶಿಸಿದ್ದರೂ, ಅಂಜಿದ ಮಗುವಿನ ನಾಲಗೆ ಏಳುವುದಿಲ್ಲವೆಂಬುದು ನಮ್ಮ ನಿಮ್ಮ ಅನುಭವವೇ ಆಗಿದೆ. ರಾತ್ರಿಯಿಡೀ ಅತ್ತ ಹುಡುಗನಿಗೆ ಬೆಳಗಿನ ಪಾಠವು ಗಾಳಿಗೆ ತೂರಿದ ಮಾತು. ಅವನನ್ನು ಸಂತೈಸಿ ಮಲಗಿಸಿದವರು ಮರುದಿನದ ಪಾಠವನ್ನು ಉಳಿಸಿಕೊಟ್ಟವರು.

ಇಲ್ಲಿ ಒಂದು ಕಠಿಣವಾದ ಪ್ರಶ್ನೆ ಏಳುತ್ತದೆ. ಅದನ್ನು ತಿಳಿಯಲು ಇಂಗ್ಲೆಂಡನ್ನು ಬಿಟ್ಟು ನೆರೆಯ ಐರ್ಲೆಂಡಿಗೆ ಹೋಗಬೇಕು. ಐರ್ಲೆಂಡಿನ ಸ್ವಂತ ಭಾಷೆ ಐರಿಷ್. ಅದನ್ನು ಇಂದಿಗೂ ಮನೆಮಾತಾಗಿ ಉಳಿಸಿಕೊಂಡಿರುವ ಪ್ರದೇಶಗಳು ಬಹುಮಟ್ಟಿಗೆ ಪಶ್ಚಿಮದ ಕಡಲತೀರದಲ್ಲಿವೆ. ಅವನ್ನು ಗೇಲ್ತಖ್ತ್ ಎಂದು ಕರೆಯುತ್ತಾರೆ. ಡಬ್ಲಿನ್ ಮೊದಲಾದ ನಗರಗಳಲ್ಲಿ ಇಂಗ್ಲಿಷಿನಲ್ಲಿಯೇ ಬೆಳೆದ ಮಕ್ಕಳು ಬೇಸಗೆಯಲ್ಲಿ ಆ ಹಳ್ಳಿಗಳಿಗೆ ಹೋಗಿ, ಸಾಮಾನ್ಯವಾಗಿ ಮೂರು ವಾರ ತಂಗಿ, ತಮ್ಮ ಹಿರಿಯರ ಭಾಷೆಯನ್ನು ಕಲಿಯುತ್ತಾರೆ. ಇಂತಹ ವಿದ್ಯಾಲಯಗಳಲ್ಲಿ ಮೊದಲನೆಯದು 1904ರಲ್ಲಿ ಕಾರ್ಕ್ ಪ್ರಾಂತದ ಬ್ಯಾಲಿಂಗಿಯರಿ ಎಂಬ ಹಳ್ಳಿಯಲ್ಲಿ ಆರಂಭವಾಯಿತು. ಅನೇಕ ಮಕ್ಕಳು ಅಲ್ಲಿ ತಂಗುವುದು ವಿದ್ಯಾರ್ಥಿನಿಲಯಗಳಲ್ಲಲ್ಲ, ಹಳ್ಳಿಗರ ಮನೆಗಳಲ್ಲಿ. ಆ ಮನೆಯ ಗೃಹಿಣಿಯನ್ನು ಐರಿಷ್ ಭಾಷೆಯಲ್ಲಿ 'ಬ್ಯಾನ್ ಅನ್ ತೀ', ಅಂದರೆ ಮನೆಯೊಡತಿ, ಎನ್ನುತ್ತಾರೆ. ಅವಳೇ ಆ ಮಕ್ಕಳ ಅನ್ನದಾತೆ, ಕ್ಷೇಮಪಾಲಕಿ, ಭಾಷೆಯ ಗುರು. ಬೆಳಗಿನ ರೊಟ್ಟಿಯನ್ನು ಕೊಡುವಾಗಲೂ ಅವಳು ಆಡುವುದು ಐರಿಷ್. ಅವಳ ಮನೆಯಲ್ಲಿ ತಂಗುವ ವಿದ್ಯಾರ್ಥಿಗಳ ಲೆಕ್ಕದ ಮೇಲೆ ಅಲ್ಲಿಯ ಸರಕಾರವು ಸಹಾಯಧನವನ್ನು ಕೊಡುತ್ತದೆ. ಕ್ಷೇಮಪಾಲನೆಯೇ ಭಾಷಾಬೋಧನೆಯೆಂಬುದನ್ನು ಒಂದು ಸರಕಾರವು ಒಪ್ಪಿಕೊಂಡಿರುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ? 2020 ಮತ್ತು 2021ರಲ್ಲಿ ಕೊರೋನಾ ಪಿಡುಗಿನ ದೆಸೆಯಿಂದ ಈ ಬೇಸಗೆಯ ವಿದ್ಯಾಲಯಗಳು ನಡೆಯದೆಹೋದಾಗ, ಆ ಮನೆಯೊಡತಿಯರ ಬಾಗಿಲುಗಳು ಮುಚ್ಚಿದವು. ನಗರದ ಮಕ್ಕಳಿಗೆ ಐರಿಷನ್ನು ಮನೆಮಾತಾಗಿ ಕೇಳುವ ದಾರಿಯೂ ಅಷ್ಟರಮಟ್ಟಿಗೆ ಮುಚ್ಚಿತು.

ಆದರೆ ಅಂತಹ ವಿದ್ಯಾಲಯಗಳ ಕಟ್ಟಳೆ ಬಹು ಬಿಗಿಯಾದುದು. ಇಂಗ್ಲಿಷ್ ಆಡಕೂಡದು, ಎಚ್ಚರಿಕೆಯ ಮೇಲೂ ಮತ್ತೆ ಮತ್ತೆ ಆಡಿ ಸಿಕ್ಕಿಬಿದ್ದವರನ್ನು ಮನೆಗೆ ಕಳುಹಿಸುವ ಪದ್ಧತಿಯು ಅನೇಕ ಕಡೆ ಪ್ರಸಿದ್ಧವಾಗಿದೆ. ಅಮೆರಿಕದ ವರ್ಮಾಂಟ್ ಸಂಸ್ಥಾನದ ಮಿಡ್ಲ್‌ಬರಿ ಕಾಲೇಜು 1915ರಲ್ಲಿ ಜರ್ಮನ್ ಭಾಷೆಯಿಂದ ಆರಂಭಿಸಿದ ಬೇಸಗೆಯ ಶಾಲೆಗಳಲ್ಲಿಯೂ, ಕಲಿಯುವ ಭಾಷೆಯನ್ನಲ್ಲದೆ ಬೇರೆಯದನ್ನು ಆಡೆವೆಂದು ವಿದ್ಯಾರ್ಥಿಗಳು ಪ್ರತಿಜ್ಞೆ ಮಾಡುತ್ತಾರೆ. ಆದರೆ ಅಲ್ಲಿ ಕಲಿಯುವವರು ಪ್ರಾಯಸ್ಥರು. ಕಟ್ಟಳೆಯ ಉದ್ದೇಶ ಒಳ್ಳೆಯದೇ. ನೀರಿಗಿಳಿಯದೆ ಈಜು ಬಾರದು. ನಾಲ್ವರು ಇಟಲಿಯ ಹುಡುಗರು ಒಂದೆಡೆ ಸೇರಿದರೆ ಇಟಾಲಿಯನ್ನಿನಲ್ಲಿಯೇ ಹರಟುವರು, ತಂದೆತಾಯಿಗಳು ತೆತ್ತ ಹಣ ವ್ಯರ್ಥವಾಗುವುದು. ಕ್ಷೇಮಪಾಲಕನು ರಾತ್ರಿ ಸಡಿಲಬಿಟ್ಟರೆ ಹಗಲಿನ ಶಿಸ್ತು ಕೆಡುವುದೆಂದು ಅಧ್ಯಾಪಕರು ವಾದಿಸಿದರೆ ಅದನ್ನು ತೆಗೆದುಹಾಕುವಂತಿಲ್ಲ.

ಆದರೆ ಹೊಟ್ಟೆ ನುಲಿಯುತ್ತಿರುವ ಹನ್ನೊಂದು ವರ್ಷದ ಮಗುವಿಗೂ ಅದೇ ಕಟ್ಟಳೆಯೇ? ತನ್ನ ಕೋಣೆಯ ಹಿರಿಯ ಹುಡುಗನು ದಿನವೂ ಹಿಂಸೆಪಡಿಸುತ್ತಿದ್ದಾನೆಂಬುದನ್ನು ಹೇಳಲು ಹವಣಿಸುತ್ತಿರುವ ಬಾಲಕನಿಗೆ, ಮೊದಲು ಕ್ರಿಯಾಪದವನ್ನು ಸರಿಪಡಿಸಿಕೋ ಎನ್ನಬಹುದೇ? ನೋವಿನ ಸೂಕ್ಷ್ಮಗಳು ಕಲಿತ ಭಾಷೆಯಲ್ಲಿ ಬರುವುದಿಲ್ಲ. 'ನೋಯುತ್ತದೆ' ಎಂಬುದೊಂದನ್ನು ಹೇಳಬಲ್ಲ ಮಗುವು, ಚುಚ್ಚಿದಂತೆ ನೋಯುತ್ತದೆಯೋ ಹಿಂಡಿದಂತೆ ನೋಯುತ್ತದೆಯೋ, ನಿನ್ನೆಯಿಂದಲೋ ಒಂದು ವಾರದಿಂದಲೋ ಎಂಬುದನ್ನು ಹೇಳಲಾರದು. ಹೇಳಲಾರದ ಮಗುವು ಕೊನೆಗೆ ಸುಮ್ಮನಾಗುತ್ತದೆ. ಸುಮ್ಮನಾದ ಮಗುವನ್ನು ನೋಡಿ ಹೊಂದಿಕೊಂಡಿತೆಂದು ಹಿರಿಯರು ಸಮಾಧಾನಪಡುತ್ತಾರೆ. ಇದಕ್ಕಿಂತ ಅಪಾಯಕರವಾದ ತಪ್ಪುತಿಳಿವಳಿಕೆ ಇನ್ನೊಂದಿಲ್ಲ.

ಆದಕಾರಣ ನಮ್ಮ ಅಭಿಪ್ರಾಯ ಇದು. ಆಟದ ಬಯಲಿನಲ್ಲಿ, ಊಟದ ಮನೆಯಲ್ಲಿ, ಪಾಠದ ಕೋಣೆಯಲ್ಲಿ ಭಾಷೆಯ ಕಟ್ಟಳೆ ನಡೆಯಲಿ. ಆದರೆ ರೋಗ, ಭಯ, ದೂರು, ದುಃಖ ಈ ನಾಲ್ಕರ ಬಾಗಿಲಿನಲ್ಲಿ ಕಟ್ಟಳೆಯು ನಿಲ್ಲಬೇಕು. ಕ್ಷೇಮಪಾಲಕರ ಕೋಣೆಯ ಹೊಸ್ತಿಲನ್ನು ದಾಟಿದ ಮಗುವು ಯಾವ ಭಾಷೆಯಲ್ಲಾದರೂ ಅಳಬಹುದೆಂಬುದು ಶಾಲೆಯ ಮೊದಲನೆಯ ದಿನವೇ ಎಲ್ಲರಿಗೂ ಗೊತ್ತಾಗಬೇಕು. ಕ್ಷೇಮಪಾಲಕರಿಗೆ ಎಲ್ಲ ಭಾಷೆಗಳೂ ಬರಲಾರವು, ನಿಜ. ಆದರೆ ಮಕ್ಕಳ ತಂಡದೊಡನೆ ಅವರ ದೇಶದಿಂದಲೇ ಬಂದ ಮುಖಂಡರಿದ್ದರೆ ಅವರನ್ನು ಕರೆಯಬಹುದು. ಒಂಟಿಯಾಗಿ ಬಂದ ಮಗುವಾದರೆ ತಂದೆತಾಯಿಗಳಿಗೆ ದೂರವಾಣಿ ಮಾಡಿಸಬಹುದು. 'ಎಲ್ಲಿ ನೋವು?', 'ಹೆದರಬೇಡ', 'ನಾನಿದ್ದೇನೆ' ಎಂಬ ಮೂರು ಮಾತುಗಳನ್ನು ಮಕ್ಕಳ ಭಾಷೆಗಳಲ್ಲಿ ಕಲಿತಿಡುವುದು ಅಸಾಧ್ಯವೇನಲ್ಲ. ಮೂರು ವಾರ ತಮ್ಮ ಭಾಷೆಯನ್ನು ಮಕ್ಕಳಿಗೆ ಕಲಿಸುವವರು ಮಕ್ಕಳ ಭಾಷೆಯಿಂದ ಮೂರು ಮಾತುಗಳನ್ನು ಕಲಿಯಲಾರರೇ?

ಈ ಮಾತು ನಿಮಗಿಂತ ಚೆನ್ನಾಗಿ ಇನ್ನಾರಿಗೆ ಅರ್ಥವಾದೀತು? ಈ ಮುಂಬಯಿಯಲ್ಲಿ ನೀವು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತೀರಿ, ಬೀದಿಯಲ್ಲಿ ಮರಾಠಿಯನ್ನು, ರೈಲಿನಲ್ಲಿ ಹಿಂದಿಯನ್ನು ಆಡುತ್ತೀರಿ. ಎಲ್ಲವೂ ನಿಮಗೆ ಸಲೀಸು. ಆದರೆ ಮೆಟ್ಟಿಲ ಮೇಲೆ ಜಾರಿ ಮೊಣಕಾಲು ಕೆತ್ತಿದಾಗ ನಿಮ್ಮ ಬಾಯಿಂದ ಬರುವುದು 'ಅಯ್ಯೋ ಅಮ್ಮಾ' ಎಂದೇ ಅಲ್ಲವೇ?

ಇನ್ನು ವಿಶ್ರಾಂತಿಯ ಮಾತು. ಬ್ರಿಟನ್ನಿನಲ್ಲಿ 1998ರ ಕೆಲಸದ ವೇಳೆಯ ನಿಯಮಗಳ ಪ್ರಕಾರ ವಾರಕ್ಕೆ ಸರಾಸರಿ 48 ಗಂಟೆಗಳಿಗಿಂತ ಹೆಚ್ಚು ದುಡಿಸಿಕೊಳ್ಳುವಂತಿಲ್ಲ. ಆದರೆ ಕೆಲಸಗಾರನು ಒಪ್ಪಿ ಬರೆದುಕೊಟ್ಟರೆ ಈ ಮಿತಿಯನ್ನು ಮೀರಬಹುದು. ವಾರಕ್ಕೊಂದು ದಿನದ ಬಿಡುವು ಸಿಗಬೇಕೆಂಬುದೂ ಆ ನಿಯಮಗಳಲ್ಲಿದೆ. ಅದೇ ವರ್ಷದ ಇನ್ನೊಂದು ಕಾಯಿದೆಯು ಕನಿಷ್ಠ ವೇತನವನ್ನು ವಿಧಿಸಿತು. ಒದಗಿಸಿದ ವಸತಿಗಾಗಿ ಅದರಲ್ಲಿ ಒಂದು ಮಿತಿಯವರೆಗೆ ಮಾತ್ರ ಲೆಕ್ಕ ಹಿಡಿಯಬಹುದು. ಹಾಕಿದ ಊಟವನ್ನು ವೇತನವೆಂದು ಲೆಕ್ಕ ಹಿಡಿಯುವಂತಿಲ್ಲ. ಮಕ್ಕಳ ಪ್ರೀತಿಗಾಗಿ ಬಂದ ತರುಣನು ಬರೆದುಕೊಡೆಂದರೆ ಬರೆದುಕೊಟ್ಟಾನು, ಎಚ್ಚರಿರೆಂದರೆ ಎಚ್ಚರಿದ್ದಾನು. ಆದರೆ ಹಗಲೆಲ್ಲ ಆಟವಾಡಿಸಿ ರಾತ್ರಿಯೆಲ್ಲ ಎದ್ದು ಕುಳಿತವನು ಮರುದಿನ ಔಷಧಿಯ ಲೆಕ್ಕವನ್ನು ತಪ್ಪಿದರೆ ಹೊಣೆ ಯಾರದು? ಕ್ಷೇಮಪಾಲಕನ ನಿದ್ದೆಯು ಅವನ ಸುಖವಲ್ಲ, ಮಕ್ಕಳ ಸುರಕ್ಷಿತತೆ. ಅದನ್ನು ಉಳಿತಾಯದ ಲೆಕ್ಕದಲ್ಲಿ ಸೇರಿಸುವುದು ಸಲ್ಲದು.

ನಿಮ್ಮಲ್ಲಿ ಕೆಲವರು ಮುಂದೆ ಇಂತಹ ಕೆಲಸಕ್ಕೆ ಹೋಗಬಹುದು. ಹೊರದೇಶಕ್ಕೇ ಹೋಗಬೇಕೆಂದಿಲ್ಲ; ವಿದ್ಯಾರ್ಥಿನಿಲಯಗಳೂ ರಜೆಯ ಶಿಬಿರಗಳೂ ನಮ್ಮ ದೇಶದಲ್ಲಿಯೂ ಇವೆ. ಹೋಗುವವರು ಕೆಲವು ಮಾತುಗಳನ್ನು ನೆನಪಿನಲ್ಲಿಡಬೇಕು. ಪ್ರಥಮ ಚಿಕಿತ್ಸೆಯನ್ನು ಕಲಿತಿರಬೇಕು. ಮಗುವಿನೊಡನೆ ಮುಚ್ಚಿದ ಬಾಗಿಲ ಹಿಂದೆ ಒಬ್ಬಂಟಿಯಾಗಿರಬಾರದು. 'ಯಾರಿಗೂ ಹೇಳುವುದಿಲ್ಲ' ಎಂದು ಮಗುವಿಗೆ ಎಂದೂ ಮಾತು ಕೊಡಬಾರದು. ಏಕೆಂದರೆ ಮಗುವು ಹೇಳಿದುದು ಅದರ ಸುರಕ್ಷಿತತೆಗೆ ಸಂಬಂಧಿಸಿದ್ದರೆ ಹೊಣೆಗಾರರಾದ ಹಿರಿಯರಿಗೆ ಅದನ್ನು ತಿಳಿಸಲೇಬೇಕು. 'ನಿನಗೆ ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ' ಎನ್ನಬೇಕು. ಕೇಳಿದುದನ್ನು ಮಗುವಿನ ಮಾತಿನಲ್ಲಿಯೇ, ಕೂಡಲೇ ಬರೆದಿಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಉಪದೇಶಕ್ಕಿಂತ ಮೊದಲು ಕಿವಿಗೊಡಬೇಕು.

ನೋಡಿಕೊಳ್ಳುವುದೂ ವಿದ್ಯಾದಾನವೆಂಬುದು ಕನ್ನಡಿಗರಿಗೆ ಹೊಸ ಮಾತಲ್ಲ. ನಮ್ಮ ಹಿರಿಯರಲ್ಲಿ ಅನೇಕರು ವಾರಾನ್ನದಿಂದ ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಬಡ ವಿದ್ಯಾರ್ಥಿಗೆ ಎಲೆ ಹಾಕಿ ಬಡಿಸಿದ ಆ ತಾಯಂದಿರಿಗೆ ಅಕ್ಷರ ಬರುತ್ತಿತ್ತೋ ಇಲ್ಲವೋ, ಅವರಿಲ್ಲದಿದ್ದರೆ ಎಷ್ಟೋ ವಿದ್ವಾಂಸರು ಕನ್ನಡಕ್ಕೆ ದೊರೆಯುತ್ತಿರಲಿಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಇಂದಿಗೂ ಸಾವಿರಾರು ಮಕ್ಕಳಿಗೆ ಅನ್ನವೂ ವಸತಿಯೂ ಅಕ್ಷರವೂ ಒಂದೇ ಸೂರಿನಡಿ ದೊರೆಯುತ್ತಿವೆ. ಇದೇ ಮುಂಬಯಿಯಲ್ಲಿ, ದಕ್ಷಿಣ ಕನ್ನಡದಿಂದ ಎಳೆಯ ವಯಸ್ಸಿನಲ್ಲಿಯೇ ಬಂದು ಹಗಲು ಹೋಟೆಲುಗಳಲ್ಲಿ ದುಡಿದ ಹುಡುಗರು ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದರು. ದಣಿದು ಬಂದ ಆ ಹುಡುಗರನ್ನು ಓದಿಗೆ ಕೂರಿಸಲು ಕಲಿಸುವ ಜಾಣ್ಮೆಯೊಂದೇ ಸಾಕಾಗುತ್ತಿತ್ತೇ?

ಕೊನೆಯದಾಗಿ ನಮ್ಮದೊಂದು ಆಸೆ. ಐರ್ಲೆಂಡಿನ ನಗರದ ಮಕ್ಕಳು ತಮ್ಮ ಭಾಷೆಯ ನಾಡಿಗೆ ಹೋಗಿ ಮೂರು ವಾರ ತಂಗುವಂತೆ, ಹೊರನಾಡಿನ ಕನ್ನಡ ಮಕ್ಕಳೂ ಮೇ ತಿಂಗಳ ರಜೆಯಲ್ಲಿ ಧಾರವಾಡದ ಕಡೆಯೋ ಮಲೆನಾಡಿನಲ್ಲಿಯೋ ಕರಾವಳಿಯಲ್ಲಿಯೋ ಕನ್ನಡದ ಮನೆಗಳಲ್ಲಿ ತಂಗಿ ಬರುವಂತಾದರೆ ಎಷ್ಟು ಚೆನ್ನ! ಅಂತಹ ಏರ್ಪಾಟನ್ನು ಯಾರಾದರೂ ಕೈಗೊಂಡರೆ, ಪಂಡಿತರನ್ನು ಹುಡುಕುವುದಕ್ಕೆ ಮೊದಲು ರಾತ್ರಿ ಎದ್ದುಬರುವವರನ್ನು ಹುಡುಕಲಿ ಎಂದು ಬೇಡಿಕೊಳ್ಳುತ್ತೇವೆ. ಕನ್ನಡ ತಡವರಿಸುವ ಮಗುವು ಅಲ್ಲಿ ಮರಾಠಿಯಲ್ಲಿ ಅತ್ತರೆ, ಹಿಂದಿಯಲ್ಲಿ ಅತ್ತರೆ, ಯಾರೂ ಗದರದಿರಲಿ. ಕಣ್ಣೊರೆಸಿದ ಕೈಯ ಭಾಷೆಯನ್ನು ಮಗುವು ತಾನಾಗಿಯೇ ಕಲಿಯುವುದು.